ಆನೆಗೊಂದಿಗೆ ಸೇತುವೆ ಯಾಕಿಲ್ಲ, ಕಂಪ್ಲಿ ಸೇತುವೆ ಯಾಕೆ ಮುಳುಗುತ್ತದೆ?

ಮಳೆ ಜೋರಾದ ವರ್ಷಗಳಲ್ಲಿ ಟಿವಿಯವರಿಗೆ ಒಂದು ದೃಶ್ಯ ಸಿಕ್ಕೇ ಸಿಗುತ್ತದೆ. ಕಂಪ್ಲಿ-ಗಂಗಾವತಿ ಸೇತುವೆ ಮೇಲೆ ಕೆನ್ನೀರು ಹರಿಯುತ್ತಿರುತ್ತದೆ. ಆಚೆ ದಡದಲ್ಲಿ ಪೊಲೀಸರ ಬ್ಯಾರಿಕೇಡು, ಈಚೆ ದಡದಲ್ಲೂ ಬ್ಯಾರಿಕೇಡು, ಅದಕ್ಕೆ ಒರಗಿಕೊಂಡು ಮೊಬೈಲ್ ಎತ್ತಿ ಹಿಡಿದ ಜನ. ದೂರದ ಊರಲ್ಲಿ ಕೂತು ನೋಡಿದವರು ಕೇಳುವುದು ಒಂದೇ ಮಾತು: ಇಷ್ಟು ತಗ್ಗಿನಲ್ಲಿ ಸೇತುವೆ ಕಟ್ಟಿದ ಪುಣ್ಯಾತ್ಮ ಯಾರಪ್ಪಾ?

ಹಂಪಿ ನೋಡಲು ಬಂದವರ ಪ್ರಶ್ನೆ ಬೇರೆ. ವಿಠ್ಠಲ ದೇವಸ್ಥಾನದ ಆಚೆ ತಳವಾರಘಟ್ಟದಲ್ಲಿ ನಿಂತರೆ ಆನೆಗೊಂದಿ ಕಡೆಯ ದಡ ಕಣ್ಣೆದುರಿಗೇ ಇದೆ. ಆದರೂ ಕಾರಿನವರು ದೊಡ್ಡ ಸುತ್ತು ಹಾಕಬೇಕು. ಇಲ್ಲೊಂದು ಸೇತುವೆ ಕಟ್ಟಲು ಏನು ರೋಗ ಅಂತ ಗೊಣಗುತ್ತಲೇ ಗಾಡಿ ತಿರುಗಿಸುತ್ತಾರೆ.

ಒಂದೂರಿಗೆ ಸೇತುವೆ ಇಲ್ಲ, ಇನ್ನೊಂದೂರಿಗೆ ಇದ್ದೂ ಇಲ್ಲ. ನಡುವೆ ಇರುವುದು ಅದೇ ತುಂಗಭದ್ರೆ, ಕೆಲವೇ ಮೈಲಿ ಅಂತರ. ಇದಕ್ಕೆ ಕಾರಣ ಹುಡುಕಿಕೊಂಡು ಹೋದರೆ ಇಂಜಿನಿಯರಿಂಗ್‌ನಲ್ಲಿ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಸಿಗುವುದು ಹೊಳೆಯ ಆಚೆ-ಈಚೆ ಯಾವ ಕಾಲಕ್ಕೆ ಯಾರ ಆಳ್ವಿಕೆ ಇತ್ತು, ದಾಟುವ ಗರಜು ಯಾರಿಗಿತ್ತು, ದುಡ್ಡು ಯಾರ ಜೇಬಿನದು ಅನ್ನುವುದರಲ್ಲಿ.

ಹಳೇ ಕಲ್ಲುಗಂಬ, ಹಳೇ ಹರಿಗೋಲು

ಈ ಜಾಗದಲ್ಲಿ ಹೊಳೆಗೆ ಸೇತುವೆ ಕಟ್ಟುವ ಯೋಚನೆ ಇವತ್ತಿನದಲ್ಲ. ಪುರಂದರ ಮಂಟಪದ ಹತ್ತಿರ ನೀರು ಇಳಿದಾಗ ನೋಡಿ, ಸಾಲಾಗಿ ಕಲ್ಲುಗಂಬಗಳು ಹೊಳೆಯೊಳಗೆ ನಿಂತಿವೆ. ವಿಜಯನಗರ ಕಾಲದ ಸೇತುವೆಯ ಉಳಿಕೆ ಅದು. ಮೇಲಿನ ಹಾಸು ಯಾವತ್ತೋ ಹೋಗಿದೆ, ಕಂಬ ಮಾತ್ರ ಪ್ರತಿ ವರ್ಷದ ಪ್ರವಾಹ ತಿಂದುಕೊಂಡು ನಿಂತಿವೆ.

ಆದರೆ ರಾಜಧಾನಿ ವೈಭವದಲ್ಲಿದ್ದಾಗಲೂ ಜನ ಹೆಚ್ಚಾಗಿ ದಾಟುತ್ತಿದ್ದದ್ದು ಹರಿಗೋಲಿನಲ್ಲೇ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೋ ಪಾಯಸ್ ಆನೆಗೊಂದಿ ಕಡೆಗೆ ದಾಟುವುದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಾರೆ, ಹುಟ್ಟು ಹಾಕಿದ ಹಾಗೆಲ್ಲ ತಿರುಗುತ್ತಲೇ ಇರುತ್ತದೆ ಅನ್ನುತ್ತಾನೆ. ಐನೂರು ವರ್ಷ ಆದ ಮೇಲೂ ಅದೇ ಘಟ್ಟದಲ್ಲಿ ಅದೇ ಹರಿಗೋಲು ತಿರುಗಿದ್ದನ್ನು ನಮ್ಮ ಕಾಲದವರೂ ನೋಡಿದ್ದಾರೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು. ಕುದುರೆ ಜಾಗಕ್ಕೆ ಮೋಟರ್‌ಸೈಕಲ್ ಬಂತು, ಅಷ್ಟೇ.

ಗಡಿಯಾಗಿದ್ದ ಹೊಳೆ

ಈಗ ಇತಿಹಾಸದ ಒಣ ಭಾಗ. ಸ್ವಲ್ಪ ತಾಳ್ಮೆ ಇರಲಿ, ಮುಖ್ಯ ಗಂಟು ಇಲ್ಲೇ ಇದೆ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತನ್ನ ಕಾವಲಿಗೆ ಇಟ್ಟುಕೊಂಡ ಕಂಪನಿ ಸೈನ್ಯದ ಖರ್ಚಿಗೆ ಬದಲಾಗಿ ಕೊಟ್ಟ ನೆಲ ಅದು. ಅವತ್ತಿನಿಂದ ತುಂಗಭದ್ರೆ ಗಡಿಯಾಯಿತು. ದಕ್ಷಿಣ ದಡದ ಹೊಸಪೇಟೆ, ಕಂಪ್ಲಿ, ಸಿರುಗುಪ್ಪ ಮುಂದೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದವು. ಉತ್ತರ ದಡದ ಆನೆಗೊಂದಿ, ಗಂಗಾವತಿ, ಸಿಂಧನೂರು ನಿಜಾಮನ ಸೀಮೆಯಲ್ಲೇ ಉಳಿದವು. ಈ ದಡದಲ್ಲಿ ಬ್ರಿಟಿಷ್ ರೂಪಾಯಿ, ಆ ದಡದಲ್ಲಿ ನಿಜಾಮರ ನಾಣ್ಯ ಹಾಲಿ ಸಿಕ್ಕಾ. ಆ ಕಡೆ ಕಚೇರಿ ಭಾಷೆ ಉರ್ದು, ಸರಕು ದಾಟಿಸಿದರೆ ಕರೋಡಗಿರಿ ಸುಂಕ. ಮನೆಯಲ್ಲಿ ಎರಡೂ ಕಡೆ ಮಾತಾಡುತ್ತಿದ್ದದ್ದು ಕನ್ನಡ, ಹೆಣ್ಣು ಕೊಟ್ಟು ತರುತ್ತಿದ್ದದ್ದೂ ಎರಡೂ ಕಡೆ.

ಹೀಗಿರುವಾಗ ರಸ್ತೆ ಸೇತುವೆಗೆ ದುಡ್ಡು ಹಾಕುವವರು ಯಾರು? ಮದ್ರಾಸಿನವರಿಗೆ ಕಂಪ್ಲಿ ಅಂದರೆ ತಮ್ಮ ನಕ್ಷೆಯ ಕೊನೇ ಅಂಚು. ಹೈದರಾಬಾದಿನವರಿಗೆ ಗಂಗಾವತಿಯೂ ಹಾಗೇ. ಎರಡು ಸರ್ಕಾರಗಳ ಅಂಚು ಕೂಡುವ ಜಾಗಕ್ಕೆ ಅನುದಾನ ಬರುವುದು ಯಾವತ್ತೂ ಕೊನೆಗೇ.

ಇದನ್ನು ಸುಮ್ನೆ ಹೇಳುತ್ತಿಲ್ಲ. ರಾಯಚೂರಿಂದ ಹೈದರಾಬಾದ್ ರಸ್ತೆಯಲ್ಲಿ ಶಕ್ತಿನಗರದ ಹತ್ತಿರ ಕೃಷ್ಣಾ ನದಿಗೆ ಒಂದು ಹಳೇ ಕಮಾನು ಸೇತುವೆ ಇದೆ, ಸಿರಾತ್-ಎ-ಜೂದಿ ಅಂತ ಹೆಸರು. ನಿಜಾಮರ ಕೊನೆಗಾಲದಲ್ಲಿ, 1940ರ ದಶಕದ ಆರಂಭದಲ್ಲಿ ಮುಗಿದದ್ದು. ಹೊಳೆಯಿಂದ ಎತ್ತರಕ್ಕೆ ಎದ್ದ ಕಲ್ಲಿನ ಕಮಾನುಗಳ ಗಟ್ಟಿ ಕೆಲಸ. ಕೃಷ್ಣೆ ತುಂಗಭದ್ರೆಗಿಂತ ದೊಡ್ಡ ಹೊಳೆ, ಆದರೂ ಅಲ್ಲಿ ಅಂಥ ಸೇತುವೆ ಎದ್ದಿತು. ಯಾಕಂದ್ರೆ ಅಲ್ಲಿ ಎರಡೂ ದಡ ನಿಜಾಮರದ್ದೇ, ರಸ್ತೆ ಹೋಗುವುದು ಅವರ ರಾಜಧಾನಿಗೆ.

ತುಂಗಭದ್ರೆಯಲ್ಲಿ ಎರಡು ಸರ್ಕಾರಗಳು ಕೈ ಜೋಡಿಸಿದ್ದು ಡ್ಯಾಂ ಕಟ್ಟುವಾಗ. 1945ರ ಫೆಬ್ರುವರಿ 28ರಂದು ಮದ್ರಾಸ್ ಗವರ್ನರ್ ಒಂದು ಕಡೆ, ನಿಜಾಮರ ಮಗ ಇನ್ನೊಂದು ಕಡೆ ಅಡಿಗಲ್ಲು ಹಾಕಿದರು. ಇವತ್ತಿಗೂ ಡ್ಯಾಂನ ಈ ತುದಿ ಹೊಸಪೇಟೆ ಬದಿ, ಆ ತುದಿ ಮುನಿರಾಬಾದ್ ಬದಿ. ನೀರು ಅಂದಾಗ ಒಂದಾದರು, ದಾಟುವ ಜನ ಅಂದಾಗ ಅಷ್ಟು ಅವಸರ ಇರಲಿಲ್ಲ. ಡ್ಯಾಂ ಮುಗಿಯುವಷ್ಟರಲ್ಲಿ ಕಾಲವೇ ಬದಲಾಗಿತ್ತು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯೂ ಬಂತು. ಗಂಗಾವತಿ ಆಗ ರಾಯಚೂರು ಜಿಲ್ಲೆಯಲ್ಲಿತ್ತು, ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದ್ರೆ 1956ರವರೆಗೆ ಕಂಪ್ಲಿಯವರು ಗಂಗಾವತಿಗೆ ಹೋಗುವುದೆಂದರೆ ಬೇರೆ ರಾಜ್ಯಕ್ಕೆ ಹೋಗಿ ಬಂದಂತೆ.

ಆಮೇಲೆ ಎಡದಂಡೆ, ಬಲದಂಡೆ ಕಾಲುವೆಗಳಲ್ಲಿ ನೀರು ಹರಿಯಿತು, ಎರಡೂ ಕಡೆ ಭತ್ತ ಬಂತು. ಗಂಗಾವತಿ, ಕಾರಟಗಿಯಲ್ಲಿ ರೈಸ್‌ಮಿಲ್ ಎದ್ದವು. ಈ ಕಡೆಯ ಭತ್ತ ಆ ಕಡೆಯ ಮಿಲ್ಲಿಗೆ, ಆ ಕಡೆಯ ಕೂಲಿಯವರು ಈ ಕಡೆಯ ಗದ್ದೆಗೆ. ಹೊಳೆ ದಾಟುವುದು ದಿನದ ಕೆಲಸವಾಯಿತು. ಕಂಪ್ಲಿ ಸೇತುವೆಗೆ ಇಷ್ಟು ಬೆಲೆ ಬಂದದ್ದು ಹಾಗೆ.

ಮುಳುಗಿದರೂ ನಿಲ್ಲುವ ಸೇತುವೆ

ಈಗ ಆ ಪುಣ್ಯಾತ್ಮನ ಪ್ರಶ್ನೆಗೆ ಬರೋಣ. ಸೇತುವೆಯಲ್ಲಿ ಸ್ಥೂಲವಾಗಿ ಎರಡು ಜಾತಿ. ಎಂಥ ಪ್ರವಾಹ ಬಂದರೂ ನೀರು ಹಾಸಿನ ಕೆಳಗೇ ಹೋಗಬೇಕು ಅಂತ ಎತ್ತರಕ್ಕೆ ಕಟ್ಟುವುದು ಒಂದು. ವರ್ಷದ ಬಹುಪಾಲು ದಿನ ಓಡಾಟ ನಡೆದರೆ ಸಾಕು, ದೊಡ್ಡ ಪ್ರವಾಹದ ನಾಲ್ಕು ದಿನ ನೀರು ಮೇಲೆ ಹರಿದು ಹೋಗಲಿ ಅಂತ ತಗ್ಗಿನಲ್ಲಿ ಕಟ್ಟುವುದು ಇನ್ನೊಂದು. ಎರಡನೆಯದಕ್ಕೆ ಕಂಬ ಗಿಡ್ಡ, ಎರಡೂ ಬದಿಯ ಏರು ರಸ್ತೆಯೂ ಗಿಡ್ಡ, ಹಾಗಾಗಿ ಖರ್ಚು ಬಹಳ ಕಡಿಮೆ. ದುಡ್ಡಿಲ್ಲದ ಕಾಲದಲ್ಲಿ, ಗಾಡಿ ಕಡಿಮೆ ಇದ್ದ ರಸ್ತೆಗಳಲ್ಲಿ, ಎಷ್ಟೋ ಊರುಗಳಿಗೆ ಇಂಥದ್ದೇ ಸಿಕ್ಕಿದ್ದು. ಇಲ್ಲದಿದ್ದರೆ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ತಗ್ಗಿನ ಸೇತುವೆ ಕಂಡ ಕೂಡಲೇ ಇಂಜಿನಿಯರ್‌ಗೆ ತಲೆ ಇಲ್ಲ ಅನ್ನುವುದು ನ್ಯಾಯವಲ್ಲ.

ಮುಳುಗಿ ಏಳುವುದೇನೂ ಸುಲಭದ ಕೆಲಸವಲ್ಲ. ಮೊದಲನೇದು, ನೀರೊಳಗೆ ಸೇತುವೆ ಹಗುರವಾಗುತ್ತದೆ. ಬಾವಿಯಲ್ಲಿ ಕೊಡ ನೀರೊಳಗಿರುವಾಗ ಸಲೀಸಾಗಿ ಬರುತ್ತದೆ, ಮೇಲೆದ್ದ ಕೂಡಲೇ ಹಗ್ಗ ಎಳೆಯುತ್ತದಲ್ವಾ, ಅದೇ ಲೆಕ್ಕ. ಕಾಂಕ್ರೀಟ್ ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಪೂರ್ತಿ ಮುಳುಗಿದಾಗ ಅದರ ತೂಕದಲ್ಲಿ ಹೆಚ್ಚೂಕಡಿಮೆ ಶೇಕಡಾ 40 ಇಲ್ಲದಂತಾಗುತ್ತದೆ. ತೂಕ ಕಡಿಮೆಯಾದ ಹೊತ್ತಲ್ಲೇ ನೀರು ಪಕ್ಕದಿಂದ ತಳ್ಳುತ್ತದೆ. ಈ ತಳ್ಳುವ ಬಲ ನೀರಿನ ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಇಂಥ ಸೇತುವೆಯ ಹಾಸನ್ನು ಕಂಬಕ್ಕೆ ಬಿಗಿಯಾಗಿ ಹಿಡಿದಿಡಬೇಕು, ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಎತ್ತದ ಹಾಗೆ ನೋಡಿಕೊಳ್ಳಬೇಕು.

ಎರಡನೇದು ಕಸ. ಪ್ರವಾಹದಲ್ಲಿ ಬರುವುದು ಬರೀ ನೀರಲ್ಲ. ಅಂತರಗಂಗೆ ಕಳೆ, ಬುಡ ಕಿತ್ತ ಮರ, ಜಾಲಿಮುಳ್ಳು, ಎಲ್ಲ ಬಂದು ಸೇತುವೆಯ ಕಂಬಿಗೆ ಸಿಕ್ಕಿಕೊಳ್ಳುತ್ತವೆ. ಕಂಬಿ ಸಾಲು ನೋಡನೋಡುತ್ತಿದ್ದ ಹಾಗೆ ಗೋಡೆಯಾಗಿಬಿಡುತ್ತದೆ. ಆ ಗೋಡೆ ಮೇಲೆ ಬೀಳುವ ಒತ್ತಡ ನೇರ ಸೇತುವೆಯ ಹಾಸಿನ ಮೇಲೆ ಬೀಳುತ್ತದೆ. ಅದಕ್ಕೇ ಇಂಥ ಕಡೆ ಬಿಚ್ಚಿಡುವ ಕಂಬಿ ಹಾಕುವುದುಂಟು. ಗಟ್ಟಿ ತಡೆಗೋಡೆ ಕಟ್ಟುವ ಬದಲು ಪೈಪು ಹಾಕಿ ಬಿಡುವುದೂ ಉಂಟು, ಹೋದರೆ ಕಂಬಿ ಹೋಗಲಿ, ಸೇತುವೆ ಉಳಿಯಲಿ ಅಂತ. ನೀರಿಳಿದ ಮಾರನೇ ದಿನ ಇಂಥ ಸೇತುವೆ ಮೇಲೆ ನಡೆದರೆ ಕಾಲ ಕೆಳಗೆ ಜಾರುವ ಕೆಸರು, ಬಾಗಿ ಮಲಗಿದ ಪೈಪು, ಪೈಪಿಗೆ ಸುತ್ತಿಕೊಂಡ ಹಸಿ ಕಳೆ, ಅಲ್ಲಲ್ಲಿ ಎದ್ದು ಹೋದ ಡಾಂಬರು ಕಾಣುತ್ತದೆ.

ಮೂರನೇದು ಕಣ್ಣಿಗೆ ಕಾಣುವುದೇ ಇಲ್ಲ. ಕಂಬದ ಬುಡದಲ್ಲಿ ನೀರು ಸುಳಿ ತಿರುಗಿ ಮರಳು ಕೊರೆಯುತ್ತದೆ. ನೀರಿಳಿದ ಮೇಲೆ ಅದೇ ಗುಂಡಿಗೆ ಹೊಸ ಮರಳು ಬಂದು ತುಂಬಿಕೊಂಡು ಏನೂ ಆಗದ ಹಾಗೆ ಕೂತಿರುತ್ತದೆ. ಹೊಳೆ ಇಳಿದರೂ ಯಾಕೆ ಇನ್ನೂ ಬಿಡುತ್ತಿಲ್ಲ ಅಂತ ಬ್ಯಾರಿಕೇಡ್ ಹತ್ತಿರ ಜಗಳಕ್ಕೆ ಬರುವವರು ಇದನ್ನು ತಿಳಿದುಕೊಳ್ಳಬೇಕು. ಬುಡ, ಕೂಡು, ಹಾಸು ನೋಡದೆ ಭತ್ತದ ಲಾರಿ ಬಿಡುವುದಕ್ಕೆ ಆಗುವುದಿಲ್ಲ.

ಇನ್ನು ಮೇಲೆ ಒಂದಡಿ ನೀರಿದೆ ಅಷ್ಟೇ, ದಾಟಿಬಿಡೋಣ ಅನ್ನುವವರಿಗೆ: ಹರಿಯುವ ಅರ್ಧ ಅಡಿ ನೀರು ದೊಡ್ಡವರ ಕಾಲು ಕೀಳಬಲ್ಲದು. ಒಂದಡಿ ನೀರಿಗೆ ಸಣ್ಣ ಕಾರು ತೇಲುತ್ತದೆ. ಕೆಂಪು ನೀರಿನ ಅಡಿ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಮೇಲಿಂದ ಕಾಣುವುದಿಲ್ಲ. ಕಂಬಿಯೂ ಇರುವುದಿಲ್ಲ.

ಡ್ಯಾಂ ಇದ್ದೂ ಪ್ರವಾಹ ಯಾಕೆ?

ಕಂಪ್ಲಿ ಕೋಟೆ ಕಡೆ ಮಳೆಗಾಲದಲ್ಲಿ ಜನ ಆಕಾಶ ನೋಡುವುದಕ್ಕಿಂತ ಜಾಸ್ತಿ ಕ್ಯೂಸೆಕ್ ಲೆಕ್ಕ ಕೇಳುತ್ತಾರೆ. ಇವತ್ತು ಎಷ್ಟು ಬಿಟ್ಟಾರೆ? ಐವತ್ತು ಸಾವಿರ ಅಂದರೆ ಚಿಂತೆ ಇಲ್ಲ. ಲಕ್ಷದ ಆಸುಪಾಸು ಬಂತು ಅಂದರೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿದ ಸುದ್ದಿ ಮೊದಲು, ಆಮೇಲೆ ಆನೆಗೊಂದಿ ಹತ್ತಿರದ ನವವೃಂದಾವನ ನಡುಗಡ್ಡೆಗೆ ದೋಣಿ ನಿಂತ ಸುದ್ದಿ, ಅದರ ಹಿಂದೆಯೇ ಕಂಪ್ಲಿ ಸೇತುವೆ ಬಂದ್ ಆಗುವ ಮಾತು.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಹೀಗೆ ಒಂದು ದಿನ ಪೂರ್ತಿ ಬಿಟ್ಟರೆ 8.64 ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿ ತುಂಗಭದ್ರಾ ಡ್ಯಾಂನ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಲಕ್ಷ ಕ್ಯೂಸೆಕ್ ಒಳಹರಿವು ಒಂದೇ ಸಮನೆ ಬಂದರೆ ಖಾಲಿ ಡ್ಯಾಂ ಕೂಡ ಹನ್ನೆರಡು ದಿನಕ್ಕೆ ತುಂಬಿ ನಿಲ್ಲುತ್ತದೆ. ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿಗೆ ಬಂದು ಪೂರ್ತಿ ತುಂಬಿದ ಮೇಲೆ ಡ್ಯಾಂ ಏನೂ ತಡೆಯಲಾರದು. ಮೇಲಿಂದ ಎಷ್ಟು ಬಂತೋ ಅಷ್ಟನ್ನು ಕೆಳಗೆ ಬಿಡಲೇಬೇಕು. ಶೃಂಗೇರಿ, ತೀರ್ಥಹಳ್ಳಿ, ಆಗುಂಬೆ ಕಡೆ ಮಳೆ ಹಿಡಿದುಕೊಂಡರೆ ತುಂಗೆಗೆ ಅಡ್ಡಲಾಗಿ ಗಾಜನೂರಿನಲ್ಲಿ ಇರುವುದು ಸಣ್ಣ ಅಣೆಕಟ್ಟು, ತುಂಬಿ ತುಳುಕಿ ಕೆಳಗೆ ಬರುತ್ತದೆ, ಭದ್ರೆಯೂ ಕೂಡಲಿಯಲ್ಲಿ ಸೇರಿಕೊಳ್ಳುತ್ತಾಳೆ, ಮುಂದೆ ವರದೆ ಸೇರುತ್ತಾಳೆ, ಇಷ್ಟೆಲ್ಲ ಬಂದು ನಿಲ್ಲುವುದು ಹೊಸಪೇಟೆಯ ಆ 33 ಗೇಟುಗಳ ಮುಂದೆ. ಕಂಪ್ಲಿಯಲ್ಲಿ ಬಿಸಿಲು ಚುರ್ರೆನ್ನುತ್ತಿರುವಾಗಲೇ ಸೇತುವೆ ಮುಳುಗುವುದು ಇದಕ್ಕೇ.

ಹಾಗಾದರೆ ಮೊದಲೇ ಸ್ವಲ್ಪ ಖಾಲಿ ಇಟ್ಟುಕೊಳ್ಳಬಾರದಾ? ಇಟ್ಟುಕೊಳ್ಳಬಹುದು. ಆದರೆ ಖಾಲಿ ಇಟ್ಟ ಮೇಲೆ ಮಳೆ ಕೈಕೊಟ್ಟರೆ ಎಡದಂಡೆಯ ಕೊನೆಭಾಗದ ರೈತ ಎರಡನೇ ಬೆಳೆ ಮರೆಯಬೇಕಾಗುತ್ತದೆ. ಡ್ಯಾಂ ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ. ಆಂಧ್ರ, ತೆಲಂಗಾಣದ ಪಾಲೂ ಅದರಲ್ಲೇ ಇದೆ. ಸೇತುವೆ ಉಳಿಸಲು ನೀರು ಬಿಡಿ ಅಂದರೆ ಯಾವ ಮಂಡಳಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹಾಕಿಕೊಳ್ಳಬೇಕು ಅಂತ ನನಗೂ ಅನಿಸುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಆದದ್ದು ಎಲ್ಲರಿಗೂ ನೆನಪಿದೆ. 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವನ್ನೂ ತೆರೆದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ಅಡ್ಡ ಇಡುವ ಉಕ್ಕಿನ ಹಲಗೆ, ಇಳಿಸಿ ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಮುಂದಿನ ವರ್ಷ, 2025ರಲ್ಲಿ, ಹಳೇ ಗೇಟುಗಳ ಮೇಲೆ ಭರವಸೆ ಸಾಲದೆ 80 ಟಿಎಂಸಿಗೇ ಸಂಗ್ರಹ ನಿಲ್ಲಿಸಬೇಕಾಯಿತು. ಸಂಗ್ರಹ ಕಡಿಮೆ ಅಂದರೆ ಹೊಳೆಗೆ ಬೇಗ ಬಿಡಬೇಕು ಅಂತಲೇ ಅರ್ಥ. ಡ್ಯಾಂನ ಒಂದು ಚೈನಿಗೂ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಬಸ್ಸಿಗೂ ಹೀಗೆ ನೇರ ಸಂಬಂಧ.

ಆನೆಗೊಂದಿಯ ಕಥೆ

ಹಂಪಿ ವಿಶ್ವ ಪರಂಪರೆ ಪಟ್ಟಿ ಸೇರಿದ್ದು 1986ರಲ್ಲಿ. ಆಮೇಲೆ ಅದೇ ಆವರಣದಲ್ಲಿ ಕೇಬಲ್ ಹಿಡಿದು ನಿಲ್ಲಿಸುವ ಎರಡು ಸೇತುವೆಗಳ ಕೆಲಸ ಶುರುವಾಯಿತು. ಒಂದು ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರಗಡ್ಡೆಗೆ ಕಾಲುಸೇತುವೆ, ಇನ್ನೊಂದು ತಳವಾರಘಟ್ಟದಿಂದ ಆನೆಗೊಂದಿಗೆ ವಾಹನ ಸೇತುವೆ. 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಕಾಲುಸೇತುವೆ ಬಿಚ್ಚಿ ತೆಗೆದರು, ದೊಡ್ಡ ಸೇತುವೆ ಅರ್ಧಕ್ಕೆ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ನಿಂತಿದ್ದ ಕೆಲಸ ಮತ್ತೆ ಶುರುವಾಗಿ, 2009ರ ಜನವರಿ 22ರಂದು ಇನ್ನೂ ಕಟ್ಟುತ್ತಿದ್ದಾಗಲೇ ಸೇತುವೆ ಕುಸಿಯಿತು. ಮೇಲೆ ಕೆಲಸ ಮಾಡುತ್ತಿದ್ದ ಕಾರ್ಮಿಕರು ಸತ್ತರು.

ಪರಂಪರೆ ಅಂತ ಯಾರೋ ದೂರದವರು ಅಡ್ಡಗಾಲು ಹಾಕಿದರು, ಇಲ್ಲದಿದ್ದರೆ ಎಂದೋ ಆಗುತ್ತಿತ್ತು ಅನ್ನುವ ಸಿಟ್ಟು ಊರಲ್ಲಿ ಇವತ್ತಿಗೂ ಇದೆ. ಸಿಟ್ಟಿಗೆ ಕಾರಣ ಇಲ್ಲದೇ ಇಲ್ಲ, ಹೆರಿಗೆಗೆ ಹೋಗುವ ಹೆಣ್ಣುಮಗಳನ್ನು ಹೊಳೆ ದಾಟಿಸಬೇಕಾದ ಮನೆಯವರಿಗೆ ಯುನೆಸ್ಕೋ ಕಟ್ಟಿಕೊಂಡು ಏನಾಗಬೇಕು? ಆದರೆ ಒಂದು ಲೆಕ್ಕ ನೋಡಿ. ಅದು ಆಗಿದ್ದರೆ ಗಂಗಾವತಿಯ ಲಾರಿಗಳೆಲ್ಲ ಹೊಸಪೇಟೆಗೆ ಹತ್ತಿರದ ದಾರಿ ಅಂತ ವಿಠ್ಠಲ ದೇವಸ್ಥಾನದ ಬಗಲಲ್ಲೇ ಹಾಯುತ್ತಿದ್ದವು. ಕಲ್ಲಿನ ರಥದ ಪಕ್ಕ ಹತ್ತು ಗಾಲಿಯ ಲಾರಿ ಸಾಲು. ಸೇತುವೆ ಕಟ್ಟಿದ ಮೇಲೆ ಲಾರಿ ಬೇಡ ಅಂತ ಬೋರ್ಡ್ ಹಾಕಿದರೆ ಕೇಳುವವರು ಯಾರು? ಜಾಗದ ಆಯ್ಕೆ ತಪ್ಪು ಅಂತಲೇ ನನ್ನ ಮಾತು. ಆ ತಪ್ಪಿಗೆ ವರ್ಷಗಟ್ಟಲೆ ದಂಡ ತೆತ್ತವರು ಮಾತ್ರ ಆನೆಗೊಂದಿಯವರು.

ಕೊನೆಗೆ ಆದದ್ದು ಬುದ್ಧಿವಂತಿಕೆಯ ಕೆಲಸ. ಕೆಳಗಡೆ, ಸ್ಮಾರಕಗಳ ಗುಂಪಿನಿಂದ ದೂರಕ್ಕೆ, ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆ ಕಟ್ಟಿದರು. ಈಗ ಅಂಜನಾದ್ರಿಗೆ ಹೋಗುವವರು, ಗಂಗಾವತಿಗೆ ಹೋಗುವವರು ಅದೇ ದಾರಿ ಹಿಡಿಯುತ್ತಾರೆ. ಸ್ವಲ್ಪ ಸುತ್ತು, ಆದರೆ ದಾರಿ ಅಂತ ಒಂದಿದೆ. ವಿರೂಪಾಪುರಗಡ್ಡೆಗೆ ಹಂಪಿ ಕಡೆಯಿಂದ ಇವತ್ತಿಗೂ ಸೇತುವೆ ಇಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್ ತಂದು ಹೊರಗೆ ಕರೆತರಬೇಕಾಯಿತು.

ಸೇತುವೆ ಬಂದ್ ಆದ ದಿನ

ಕಂಪ್ಲಿಯಿಂದ ಗಂಗಾವತಿ ಹದಿನೈದು ಕಿಲೋಮೀಟರ್ ಒಳಗೆ. ಸೇತುವೆ ಬಂದ್ ಅಂದರೆ ಬುಕ್ಕಸಾಗರ-ಕಡೇಬಾಗಿಲು ಸುತ್ತಿಕೊಂಡು ಹೋಗಬೇಕು, ದೂರ ಎರಡು ಪಟ್ಟಿಗಿಂತ ಜಾಸ್ತಿ. ದೊಡ್ಡ ಗಾಡಿಯವರು ಹೊಸಪೇಟೆ, ಮುನಿರಾಬಾದ್ ಕಡೆಯಿಂದ ಹೋಗುತ್ತಾರೆ, ಇಲ್ಲವೇ ಕೆಳಗೆ ಸಿರುಗುಪ್ಪ-ಸಿಂಧನೂರು ರಸ್ತೆಯ ದಢೇಸುಗೂರು ಸೇತುವೆ. ಕಾರಿದ್ದವನಿಗೆ ಇದು ಬರೀ ಡೀಸೆಲ್ ಲೆಕ್ಕ. ಚಿಕ್ಕಜಂತಕಲ್‌ನಿಂದ ಕಂಪ್ಲಿ ಪೇಟೆಗೆ ತರಕಾರಿ ಬುಟ್ಟಿ ತರುವವರಿಗೆ ಆ ದಿನದ ವ್ಯಾಪಾರವೇ ಇಲ್ಲ. ಆಚೆ ಊರಿನ ಶಾಲೆಗೆ ಬರುವ ಮೇಷ್ಟ್ರು ರಜೆ ಹಾಕುತ್ತಾರೆ ಅಥವಾ ನೆಂಟರ ಮನೆಯಲ್ಲಿ ಉಳಿಯುತ್ತಾರೆ.

ಅದಕ್ಕೇ ಎತ್ತರದ ಹೊಸ ಸೇತುವೆ ಬೇಕು ಅನ್ನುವ ಬೇಡಿಕೆ ಬಹಳ ಹಳೆಯದು, ನ್ಯಾಯವಾದದ್ದೂ ಹೌದು. ಇವತ್ತಿನ ಗಾಡಿ ಸಂಖ್ಯೆಗೆ, ಇವತ್ತಿನ ಭತ್ತದ ವ್ಯಾಪಾರಕ್ಕೆ, ವರ್ಷದಲ್ಲಿ ನಾಲ್ಕು ದಿನ ಮುಳುಗಿದರೂ ನಡೆಯುತ್ತದೆ ಅನ್ನುವ ಹಳೇ ಲೆಕ್ಕ ಹೊಂದುವುದಿಲ್ಲ. ಆದರೆ ಎತ್ತರದ ಸೇತುವೆ ಅಂದ ಕೂಡಲೇ ಎಲ್ಲರ ಕಣ್ಣೂ ಹೊಳೆಯ ನಡುವಿನ ಕಂಬದ ಮೇಲೆ. ಕಷ್ಟ ಇರುವುದು ಎರಡೂ ತುದಿಯಲ್ಲಿ. ಹಾಸು ಮೇಲೆ ಹೋದಷ್ಟೂ ಅದಕ್ಕೆ ಹತ್ತುವ ರಸ್ತೆ ಹಿಂದಕ್ಕೆ ಉದ್ದವಾಗುತ್ತದೆ, ಅದು ಹಾಯುವುದು ದಡದ ತಗ್ಗು ಗದ್ದೆಗಳಲ್ಲಿ. ಖರ್ಚು ಉಳಿಸಲು ಅಲ್ಲಿ ಬರೀ ಮಣ್ಣಿನ ಏರಿ ಹಾಕಿಬಿಟ್ಟರೆ ಪ್ರವಾಹದಲ್ಲಿ ಅದೇ ಇನ್ನೊಂದು ಅಡ್ಡಕಟ್ಟೆಯಾಗುತ್ತದೆ. ಗದ್ದೆ ಮೇಲೆ ಹರಡಿ ಹೋಗುತ್ತಿದ್ದ ನೀರು ಹಿಂದಕ್ಕೆ ಒತ್ತಿ ಕಂಪ್ಲಿ ಕೋಟೆಯ ಮನೆಗಳಿಗೆ ನುಗ್ಗುತ್ತದೆ. ಡ್ಯಾಂನ 33 ಗೇಟು ಒಟ್ಟಾಗಿ 6.5 ಲಕ್ಷ ಕ್ಯೂಸೆಕ್ ಬಿಡುವ ಲೆಕ್ಕದಲ್ಲಿ ಕಟ್ಟಿದ್ದು, ಅಷ್ಟು ಬರುವುದು ಅಪರೂಪ, ಆದರೂ 2009ರ ಅಕ್ಟೋಬರ್‌ನಲ್ಲಿ ರಾಯಚೂರು, ಮಂತ್ರಾಲಯ, ಕರ್ನೂಲು ಕಡೆ ಆದದ್ದನ್ನು ನೋಡಿದವರು ಅಪರೂಪ ಅನ್ನುವ ಮಾತನ್ನು ಹಗುರವಾಗಿ ಆಡುವುದಿಲ್ಲ.

ಹಾಗಾಗಿ ಹೊಸ ಸೇತುವೆಯ ನಕ್ಷೆ ಯಾರಾದರೂ ತಂದು ತೋರಿಸಿದರೆ ನಾನು ಎತ್ತರ ಎಷ್ಟು ಅಂತ ಮೊದಲು ಕೇಳುವುದಿಲ್ಲ. ಹತ್ತುವ ರಸ್ತೆಯ ಅಡಿಯಲ್ಲಿ ನೀರು ದಾಟಲು ಎಷ್ಟು ಕಿಂಡಿ ಬಿಟ್ಟಿದ್ದೀರಿ, ಎಷ್ಟು ಅಗಲ ಅಂತ ಕೇಳುತ್ತೇನೆ. ಕಿಂಡಿ ಜಾಸ್ತಿ ಮಾಡಿದಷ್ಟೂ ಅಂದಾಜು ಪಟ್ಟಿ ಏರುತ್ತದೆ, ಟೆಂಡರ್ ಹೊತ್ತಿಗೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ.